ಹೆಡ್‌ಮಾಸ್ಟರ್ ರೂಮಿನ ಗೋಡೆ ಮೇಲೆ ಇರಬೇಕಾದ ಒಂದು ಹೆಸರು

ಯಾವುದಾದರೂ ಶಾಲೆಯ ಹೆಡ್‌ಮಾಸ್ಟರ್ ರೂಮಿಗೆ ಹೋಗಿ ಗೋಡೆ ನೋಡಿ. ಬಿಸಿಯೂಟದ ವಾರದ ಪಟ್ಟಿ, ಎಸ್‌ಡಿಎಂಸಿ ಸದಸ್ಯರ ಹೆಸರು, ದಾಖಲಾತಿಯ ಅಂಕಿಅಂಶ, ಒಂದು ಮೂಲೆಯಲ್ಲಿ ‘ತುರ್ತು ದೂರವಾಣಿ ಸಂಖ್ಯೆಗಳು’. ಪೊಲೀಸ್ ಎನ್ನುವ ಸಾಲಿನ ಎದುರು ಇನ್ನೂ 100 ಅಂತಲೇ ಇರುತ್ತದೆ, ಇಲ್ಲವೇ ಯಾರೋ ಎಂದೋ ಬರೆಸಿದ ಠಾಣೆಯ ಲ್ಯಾಂಡ್‌ಲೈನ್. ಆ ಜಾಗದಲ್ಲಿ ತುರ್ತು ಕರೆಯ 112 ಮತ್ತು ಮಕ್ಕಳ ಸಹಾಯವಾಣಿ 1098 ಇರಬೇಕು. ಅವೆರಡಕ್ಕಿಂತ ಮೇಲೆ ಒಂದು ಹೆಸರು, ಒಂದು ಮೊಬೈಲ್ ನಂಬರ್ ಇರಬೇಕು: ನಿಮ್ಮ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯದು.

ಹೀಗೊಬ್ಬರು ಇರುತ್ತಾರೆ ಅನ್ನುವುದೇ ಬಹಳ ಶಾಲೆಗಳಿಗೆ ಗೊತ್ತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರನ್ನಾದರೂ ಈ ಕೆಲಸಕ್ಕೆ ನೇಮಿಸಬೇಕು. ಅವರ ಮೇಲೆ ಜಿಲ್ಲೆಗೊಂದು ಮಕ್ಕಳ ವಿಶೇಷ ಪೊಲೀಸ್ ಘಟಕ. ಅದರ ಮುಖ್ಯಸ್ಥರು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿರಬಾರದು, ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರು ಮಹಿಳೆ. ಕಾಗದದ ಮೇಲೆ ವ್ಯವಸ್ಥೆ ಚೆನ್ನಾಗಿದೆ. ವಾಸ್ತವದಲ್ಲಿ ಈ ಅಧಿಕಾರಿಗೆ ಬಂದೋಬಸ್ತ್, ಕೋರ್ಟ್ ಡ್ಯೂಟಿ, ಜಾತ್ರೆ, ಚುನಾವಣೆ ಎಲ್ಲದರ ನಡುವೆ ಇದೂ ಒಂದು ಕೆಲಸ. ಅದಕ್ಕೇ ಅವರಾಗಿಯೇ ಶಾಲೆಗೆ ಬರಲಿ ಎಂದು ಕಾಯಬಾರದು. ಜೂನ್ ಮೊದಲ ವಾರದಲ್ಲಿ ಹೆಡ್‌ಮಾಸ್ಟರ್ ಅಥವಾ ಒಬ್ಬ ಹಿರಿಯ ಮೇಡಂ ಠಾಣೆಗೆ ಹೋಗಿ, ‘ನಿಮ್ಮಲ್ಲಿ ಮಕ್ಕಳ ಕಲ್ಯಾಣ ಅಧಿಕಾರಿ ಯಾರು ಸಾರ್?’ ಎಂದು ಕೇಳಿ, ಹೆಸರು, ನಂಬರ್ ಬರೆದುಕೊಂಡು ಬಂದರೆ ಹತ್ತು ನಿಮಿಷದ ಕೆಲಸ. ಏನೂ ಆಗದೇ ಇರುವಾಗ ಹೋಗಿ ಬಂದ ಆ ಹತ್ತು ನಿಮಿಷದ ಬೆಲೆ, ಏನಾದರೂ ಆದ ದಿನ ತಿಳಿಯುತ್ತದೆ.

ಶಾಲೆಗೆ ಪೊಲೀಸ್ ರಕ್ಷಣೆ ಅಂದ ಕೂಡಲೇ ಗೇಟಿನಲ್ಲಿ ಲಾಠಿ ಹಿಡಿದು ನಿಂತವರ ಚಿತ್ರ ಮನಸ್ಸಿಗೆ ಬರುತ್ತದೆ. ಅಮೆರಿಕದಲ್ಲಿ ಬಂದೂಕು ಹೊತ್ತ ಪೊಲೀಸರನ್ನೇ ಶಾಲೆಗಳಲ್ಲಿ ಪೂರ್ಣಾವಧಿಗೆ ಇಡುತ್ತಾರೆ. ಅಲ್ಲೂ 2018ರ ಫೆಬ್ರವರಿ 14ರಂದು ಫ್ಲೋರಿಡಾದ ಪಾರ್ಕ್‌ಲ್ಯಾಂಡ್‌ನ ಶಾಲೆಯಲ್ಲಿ ಅಂಥ ಅಧಿಕಾರಿ ಆವರಣದಲ್ಲೇ ಇದ್ದರೂ 17 ಜನ ಗುಂಡಿಗೆ ಸತ್ತರು. ಅವರ ಸಮಸ್ಯೆ ಬೇರೆ, ನಮ್ಮದು ಬೇರೆ. ನಮ್ಮ ಶಾಲೆಗಳ ಮಕ್ಕಳಿಗೆ ಅಪಾಯ ಬರುವುದು ಹೆಚ್ಚಾಗಿ ಪರಿಚಿತರಿಂದ. ಮನೆಯವರು, ನೆಂಟರು, ವ್ಯಾನಿನವನು, ಟ್ಯೂಷನ್ ಮೇಷ್ಟ್ರು, ಕೆಲವೊಮ್ಮೆ ಶಾಲೆಯ ಒಳಗಿನವರೇ. ಇದನ್ನು ಗೇಟಿನಲ್ಲಿ ನಿಂತು ತಡೆಯಲು ಆಗುವುದಿಲ್ಲ. ಮಗು ಬಾಯಿ ಬಿಡಬೇಕು, ಬಾಯಿಬಿಟ್ಟದ್ದು ಸರಿಯಾದವರ ಕಿವಿಗೆ ಸರಿಯಾದ ಸಮಯಕ್ಕೆ ಬೀಳಬೇಕು. ‘ಹೋಂವರ್ಕ್ ಮಾಡದಿದ್ರೆ ಪೊಲೀಸ್‌ಗೆ ಹಿಡಿದುಕೊಡ್ತೀನಿ’ ಎನ್ನುವ ಟೀಚರ್, ‘ಊಟ ಮಾಡು, ಇಲ್ಲಾಂದ್ರೆ ಪೊಲೀಸ್ ಬರ್ತಾನೆ’ ಎನ್ನುವ ಅಮ್ಮ, ಇಬ್ಬರೂ ತಮಗೆ ಗೊತ್ತಿಲ್ಲದೇ ಆ ಬಾಯಿಗೆ ಬೀಗ ಹಾಕುತ್ತಿರುತ್ತಾರೆ.

ಮಗು ಹೇಳಿತು ಎಂದಿಟ್ಟುಕೊಳ್ಳೋಣ. ಅಲ್ಲಿಂದ ಮುಂದಿನ ಒಂದೆರಡು ಗಂಟೆಯಲ್ಲಿ ಶಾಲೆ ಮಾಡುವ ತಪ್ಪುಗಳೇ ಮುಂದೆ ಕೇಸನ್ನು ಕೆಡಿಸುವುದು.

ಮೊದಲನೇ ತಪ್ಪು, ಮತ್ತೆ ಮತ್ತೆ ಕೇಳುವುದು. ಕ್ಲಾಸ್ ಟೀಚರ್ ಕೇಳುತ್ತಾರೆ, ಆಮೇಲೆ ಎಚ್‌ಎಂ, ಆಮೇಲೆ ಆಡಳಿತ ಮಂಡಳಿಯ ಕಾರ್ಯದರ್ಶಿ. ಪ್ರತಿ ಸಲವೂ ಪ್ರಶ್ನೆ ಬದಲಾಗುತ್ತದೆ, ಉತ್ತರವೂ ಸ್ವಲ್ಪ ಬದಲಾಗುತ್ತದೆ. ಕೋರ್ಟಿನಲ್ಲಿ ಆರೋಪಿಯ ವಕೀಲರು ಹಿಡಿಯುವುದು ಆ ಸ್ವಲ್ಪವನ್ನೇ. ಮಗು ಮೊದಲು ಯಾರ ಹತ್ತಿರ ಹೇಳಿತೋ ಅವರೊಬ್ಬರೇ ಪೂರ್ತಿ ಕೇಳಿಸಿಕೊಳ್ಳಲಿ. ‘ಹೇಳಿದ್ದು ಒಳ್ಳೇದಾಯ್ತು. ನಿಂದೇನೂ ತಪ್ಪಿಲ್ಲ. ನಿಂಗೆ ಸಹಾಯ ಮಾಡೋರಿಗೆ ನಾನು ತಿಳಿಸ್ತೀನಿ’ ಎಂದರೆ ಸಾಕು. ‘ಯಾರಿಗೂ ಹೇಳಲ್ಲ, ಪ್ರಾಮಿಸ್’ ಅನ್ನಲೇಬೇಡಿ. ಕಾನೂನು ನಿಮಗೆ ಆ ಮಾತು ಉಳಿಸಿಕೊಳ್ಳಲು ಬಿಡುವುದಿಲ್ಲ. ಮಗು ಹೇಳಿದ್ದನ್ನು ಕೂಡಲೇ, ಅದರ ಮಾತಿನಲ್ಲೇ ಬರೆದಿಡಿ. ಮಗು ‘ಅಂಕಲ್ ಲಂಗ ಎತ್ತಿದ್ರು’ ಅಂದಿದ್ದರೆ ಅದನ್ನೇ ಬರೆಯಬೇಕು, ‘ಅನುಚಿತವಾಗಿ ವರ್ತಿಸಿದರು’ ಎಂದು ತಿದ್ದಬಾರದು. ಮಾತು ಆಡುಭಾಷೆಯಲ್ಲಿದ್ದರೆ, ಉರ್ದುವಿನಲ್ಲೋ ತುಳುವಿನಲ್ಲೋ ಇದ್ದರೆ ಹಾಗೇ ಇರಲಿ. ಕೆಳಗೆ ತಾರೀಕು, ಗಂಟೆ, ನಿಮ್ಮ ಸಹಿ.

ಎರಡನೇ ತಪ್ಪು ‘ಆಂತರಿಕ ತನಿಖೆ’. ನಿಜವೋ ಸುಳ್ಳೋ ಎಂದು ತಾವೇ ವಿಚಾರಿಸಿ, ಆಪಾದಿತರನ್ನು ಕರೆಸಿ ಕೇಳಿ, ಆಮೇಲೆ ನೋಡೋಣ ಎನ್ನುವ ಧೋರಣೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಸಾಕ್ಷ್ಯ ಕೇಳುವುದಿಲ್ಲ. ಅಪರಾಧ ಆಗಿದೆ ಎಂದು ತಿಳಿದರೆ, ಆಗಬಹುದು ಎಂಬ ಆತಂಕ ಇದ್ದರೂ, ಪೊಲೀಸರಿಗೆ ತಿಳಿಸಬೇಕು ಅನ್ನುತ್ತದೆ, ಅಷ್ಟೇ. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ 1 ವರ್ಷದವರೆಗೆ, ದಂಡವೂ ಸೇರಿ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಕೇಸೂ ಹಾಕುವಂತಿಲ್ಲ ಎಂದೂ ಅದೇ 19ನೇ ಸೆಕ್ಷನ್‌ನಲ್ಲಿದೆ. ಇದು ಹೆಸರಿಗಷ್ಟೇ ಇರುವ ಕಾನೂನು ಎಂದುಕೊಳ್ಳಬೇಡಿ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಶಾಲಾ ಹಾಸ್ಟೆಲ್ ಪ್ರಕರಣವೊಂದರಲ್ಲಿ, ವಿಷಯ ಗೊತ್ತಿದ್ದೂ ತಿಳಿಸಲಿಲ್ಲ ಎಂಬ ಆರೋಪ ಹೊತ್ತ ವೈದ್ಯರ ಮೇಲಿನ ಎಫ್‌ಐಆರನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿತು.

ದೂರು ಕೊಡುವ ಕಾಗದದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಗಡಿಬಿಡಿಯಲ್ಲಿ ಯಾರಿಗೂ ತೋಚುವುದಿಲ್ಲ. ಶಾಲೆಯ ಲೆಟರ್‌ಹೆಡ್‌ನಲ್ಲಿ ಎರಡು ಪ್ರತಿ. ಮಗುವಿನ ಹೆಸರು, ದಾಖಲಾತಿ ರಿಜಿಸ್ಟರ್‌ನಲ್ಲಿರುವ ಜನ್ಮದಿನಾಂಕ, ವಿಷಯ ಯಾರಿಗೆ, ಯಾವ ದಿನ, ಎಷ್ಟು ಗಂಟೆಗೆ ಗೊತ್ತಾಯಿತು, ಮಗು ಆಡಿದ ಮಾತು. ನಿಮ್ಮ ಅಭಿಪ್ರಾಯ ಬೇಡ, ‘ಈ ಶಿಕ್ಷಕರು ಒಳ್ಳೆಯವರು’ ಅನ್ನುವ ಸರ್ಟಿಫಿಕೇಟಂತೂ ಬೇಡವೇ ಬೇಡ. ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಠಾಣೆಯ ಸೀಲು, ಸಹಿ, ಸಮಯ ಹಾಕಿಸಿಕೊಳ್ಳಿ. ಎಫ್‌ಐಆರ್ ಆದ ಮೇಲೆ ಅದರ ಪ್ರತಿ ದೂರುದಾರರಿಗೆ ಉಚಿತ, ಕೇಳಿ ಪಡೆಯಬೇಕು. ಜನ್ಮದಿನಾಂಕಕ್ಕೆ ಇಷ್ಟು ಒತ್ತು ಯಾಕೆಂದರೆ, ವಯಸ್ಸಿನ ಪುರಾವೆ ಎಂದು ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಮೊದಲು ನೋಡುವುದೇ ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ನಮ್ಮ ಕಡೆ ಅರ್ಧ ತರಗತಿ ಜೂನ್ 1ರಂದೇ ಹುಟ್ಟಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ತಮಾಷೆ. ಆದರೆ ಕೇಸು ಬಂದ ಮೇಲೆ ಅದನ್ನು ‘ಸರಿಪಡಿಸಲು’ ಹೋಗಿ ರಿಜಿಸ್ಟರ್‌ನಲ್ಲಿ ಒಂದು ಗೀಟು ಎಳೆದರೂ ಆ ದಾಖಲೆಯ ಮೇಲಿನ ನಂಬಿಕೆಯೇ ಹೋಗುತ್ತದೆ.

ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ಆಗಿದೆ, ಅಲ್ಲಿಗೆ ಹೋಗಿ ಎಂದು ಕಳಿಸಿದರೆ ಒಪ್ಪಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಸರಹದ್ದು ಯಾವುದಾದರೂ ದೂರು ದಾಖಲಿಸಿಕೊಳ್ಳಲೇಬೇಕು. ದಾಖಲಿಸದಿದ್ದರೆ ಎಸ್‌ಪಿಯವರಿಗೆ ಲಿಖಿತವಾಗಿ ಕಳಿಸಬಹುದು. ಪೋಕ್ಸೋ ಮಾಹಿತಿ ದಾಖಲಿಸಿಕೊಳ್ಳದ ಪೊಲೀಸರಿಗೂ ಮೇಲೆ ಹೇಳಿದ 6 ತಿಂಗಳ ಶಿಕ್ಷೆ ಅನ್ವಯಿಸುತ್ತದೆ. ಇದನ್ನು ಠಾಣೆಯಲ್ಲಿ ಜೋರಾಗಿ ಹೇಳುವ ಅಗತ್ಯ ಬೀಳುವುದು ಅಪರೂಪ. ದೂರಿನ ಕೊನೆಯಲ್ಲಿ ಸೆಕ್ಷನ್ 19 ಮತ್ತು 21 ಎಂದು ಬರೆದಿದ್ದರೆ ಓದುವವರಿಗೆ ಅರ್ಥವಾಗುತ್ತದೆ.

ಇನ್ನು ಪೊಲೀಸರು ಶಾಲೆಗೆ ಬರುವುದು. ಜೀಪು ಧೂಳೆಬ್ಬಿಸಿಕೊಂಡು ಮೈದಾನಕ್ಕೆ ನುಗ್ಗಿ, ಯೂನಿಫಾರಂನಲ್ಲಿ ಮೂವರು ಇಳಿದು, ಜವಾನ ಏಳನೇ ಕ್ಲಾಸಿಗೆ ಹೋಗಿ ಹೆಸರು ಕೂಗಿದರೆ ಮುಗಿಯಿತು, ಸಂಜೆಯೊಳಗೆ ಇಡೀ ಊರಿಗೆ ಗೊತ್ತು. ಕಾನೂನು ಹೇಳುವುದೇ ಬೇರೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು, ಯೂನಿಫಾರಂ ಹಾಕಿರಬಾರದು. ತಂದೆ ತಾಯಿ ಅಥವಾ ಮಗು ನಂಬುವ ಒಬ್ಬರು ಜೊತೆಗಿರಬೇಕು. ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ಯಾವ ಕಾರಣಕ್ಕೂ ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಸರು ಗೊತ್ತಿರುವ ಅಧಿಕಾರಿ ಇದ್ದರೆ ಅನುಕೂಲವಾಗುವುದು ಇಲ್ಲೇ. ‘ಮೇಡಂ, ಸಿವಿಲ್ ಡ್ರೆಸ್‌ನಲ್ಲಿ ಬನ್ನಿ, ಗಾಡಿ ಬಸ್‌ಸ್ಟ್ಯಾಂಡ್ ಹತ್ತಿರ ನಿಲ್ಲಿಸಿ, ಮೂರನೇ ಪೀರಿಯಡ್ ಹೊತ್ತಿಗೆ ಬಂದ್ರೆ ಹೊರಗೆ ಮಕ್ಕಳು ಇರಲ್ಲ’ ಎಂದು ಫೋನಿನಲ್ಲಿ ಹೇಳಬಹುದು. ಮಗು ಶಾಲೆಯಲ್ಲೇ ಮಾತಾಡುತ್ತೇನೆ ಎಂದರೆ ಎಚ್‌ಎಂ ಚೇಂಬರ್ ಬೇಡ, ಅದು ಬೈಸಿಕೊಳ್ಳುವ ಜಾಗ. ಸ್ಟಾಫ್‌ರೂಮೂ ಬೇಡ. ಲೈಬ್ರರಿಯೋ, ನಲಿಕಲಿ ಕೋಣೆಯೋ ಆದೀತು.

ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಸಮಿತಿ ಆ ಕುಟುಂಬಕ್ಕೆ ಒಬ್ಬ ಸಹಾಯಕ ವ್ಯಕ್ತಿಯನ್ನು ನೇಮಿಸಬಹುದು. ವೈದ್ಯಕೀಯ ಪರೀಕ್ಷೆಯಿಂದ ಕೋರ್ಟಿನ ಸಾಕ್ಷಿವರೆಗೆ ಜೊತೆಗಿರುವವರು ಇವರು. ಸಹಾಯಕ ವ್ಯಕ್ತಿ ಸಿಕ್ಕರೇ ಎಂದು ಮನೆಯವರನ್ನು ಎರಡು ದಿನ ಬಿಟ್ಟು ಕೇಳಿ. ಸಿಕ್ಕಿಲ್ಲದಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಫೋನ್ ಮಾಡಿ.

ಪೇರೆಂಟ್ಸ್ ವಾಟ್ಸಾಪ್ ಗುಂಪಿಗೆ ‘ಸ್ಪಷ್ಟನೆ’ ಬರೆಯುವ ಕೈ ಸ್ವಲ್ಪ ತಡೆಯಲಿ. ಸಂತ್ರಸ್ತ ಮಗುವಿನ ಗುರುತು ಬಯಲು ಮಾಡುವುದು ಅಪರಾಧ. ಪೋಕ್ಸೋ 23ನೇ ಸೆಕ್ಷನ್ ಗುರುತು ಎನ್ನುವ ಪಟ್ಟಿಯಲ್ಲಿ ಹೆಸರು, ಫೋಟೊ, ವಿಳಾಸದ ಜೊತೆ ಶಾಲೆಯನ್ನೂ ಸೇರಿಸಿದೆ. ಸುದ್ದಿಗಾರರು ಗೇಟಿನ ಮುಂದೆ ಬಂದು ಬೋರ್ಡ್ ಕಾಣುವಂತೆ ಕ್ಯಾಮೆರಾ ಇಟ್ಟರೆ ಇದನ್ನು ಅವರಿಗೆ ಹೇಳಿ.

ಸಿಸಿಟಿವಿ ವಿಷಯ. ಬಹಳ ಶಾಲೆಗಳು ಕ್ಯಾಮೆರಾ ಹಾಕಿಸಿವೆ, ಡಿಸ್ಕ್ ಎಷ್ಟು ದಿನದ್ದು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದವರು ಕಡಿಮೆ. ಒಂದು ಕ್ಯಾಮೆರಾ 2 ಎಂಬಿಪಿಎಸ್ ವೇಗದಲ್ಲಿ ಇಡೀ ದಿನ ರೆಕಾರ್ಡ್ ಮಾಡಿದರೆ ಸುಮಾರು 21 ಜಿಬಿ. 8 ಕ್ಯಾಮೆರಾಕ್ಕೆ ದಿನಕ್ಕೆ ಹೆಚ್ಚುಕಡಿಮೆ 170 ಜಿಬಿ. ಅಂಗಡಿಯವನು ಕೂರಿಸಿ ಹೋದ 1 ಟಿಬಿ ಡಿಸ್ಕ್ 6 ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲು ಶುರುಮಾಡುತ್ತದೆ. ಮಕ್ಕಳು ಬಾಯಿ ಬಿಡುವುದು ಎಷ್ಟೋ ಸಲ ವಾರಗಳಾದ ಮೇಲೆ. 30 ದಿನ ಉಳಿಯಬೇಕಾದರೆ 6 ಟಿಬಿ ಬೇಕು, ಅಥವಾ ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಆಗುವಂತೆ ಸೆಟ್ಟಿಂಗ್ ಬದಲಿಸಬೇಕು. ದೂರು ಬಂದ ಗಳಿಗೆಯಲ್ಲೇ ಡಿವಿಆರ್ (ಕ್ಯಾಮೆರಾದ ರೆಕಾರ್ಡಿಂಗ್ ಪೆಟ್ಟಿಗೆ) ಆಫ್ ಮಾಡಿ ರೂಮಿಗೆ ಬೀಗ ಹಾಕಿ, ಪೊಲೀಸರು ಮಹಜರು ಮಾಡಿ ವಶಪಡಿಸಿಕೊಳ್ಳಲಿ. ಆಫ್ ಮಾಡುವ ಮುಂಚೆ ಪರದೆಯಲ್ಲಿ ಕಾಣುವ ಸಮಯವನ್ನೂ ನಿಮ್ಮ ಮೊಬೈಲಿನ ಸಮಯವನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಕರೆಂಟ್ ಹೋಗಿ ಬಂದು ಡಿವಿಆರ್ ಗಡಿಯಾರ ಗಂಟೆಗಟ್ಟಲೆ ಹಿಂದೆಮುಂದೆ ಆಗಿರುವುದು ಮಾಮೂಲು. ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಕೊಟ್ಟರೆ ಸಾಲದು, ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರ ಬೇಕಾಗುತ್ತದೆ. ಡಿವಿಆರ್ ನೋಡಿಕೊಳ್ಳುವವರು ಯಾರು ಎಂಬುದು ಮೊದಲೇ ನಿಗದಿಯಾಗಿದ್ದರೆ ಅದಕ್ಕೆ ಸಹಿ ಹಾಕುವವರು ಯಾರೆಂಬ ಜಗಳ ಇರುವುದಿಲ್ಲ.

ಇದರ ಇನ್ನೊಂದು ಮುಖ, ಮಗುವೇ ತಪ್ಪು ಮಾಡಿದಾಗ. ಬ್ಯಾಗಿನಲ್ಲಿ ಚಾಕು ಸಿಕ್ಕಿತು, ಮೊಬೈಲ್ ಕದ್ದ, ಹೊಡೆದಾಟದಲ್ಲಿ ಒಬ್ಬನ ತಲೆ ಒಡೆಯಿತು. ಶಾಲೆಯವರು ಫೋನ್ ಮಾಡಿ ಕೇಳುವುದು ‘ಸಾರ್, ಸ್ವಲ್ಪ ಠಾಣೆಗೆ ಕರೆಸಿ ಬಿಸಿ ಮುಟ್ಟಿಸಿ, ಕೇಸ್ ಬೇಡ’ ಅಂತ. ಪೊಲೀಸರು ಮಾಡಬಾರದ ಕೆಲಸ ಅದೊಂದೇ. ಬಾಲನ್ಯಾಯದ 2016ರ ಮಾದರಿ ನಿಯಮಗಳ 8ನೇ ನಿಯಮದಂತೆ, ಘೋರ ಅಪರಾಧವಾದರೆ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ್ದರೆ ಮಾತ್ರ ಮಗುವಿನ ಮೇಲೆ ಎಫ್‌ಐಆರ್. ಘೋರ ಎಂದರೆ ಕನಿಷ್ಠ 7 ವರ್ಷ ಶಿಕ್ಷೆ ಇರುವಂಥದ್ದು. ಉಳಿದದ್ದೆಲ್ಲ ಠಾಣೆಯ ಡೈರಿಯಲ್ಲಿ ದಾಖಲಾಗುತ್ತದೆ. ಆಮೇಲೆ ಮಗುವಿನ ಮನೆ, ಓದು, ಸಹವಾಸದ ಬಗ್ಗೆ ನಮೂನೆ 1ರಲ್ಲಿ ಸಾಮಾಜಿಕ ಹಿನ್ನೆಲೆ ವರದಿ ಸಿದ್ಧವಾಗಿ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಲಾಕಪ್ ಇಲ್ಲ, ಕೋಳ ಇಲ್ಲ. ಈ ವರದಿಗೆ ಶಾಲೆ ಕೊಡುವ ಮಾಹಿತಿ ಬಹಳ ಮುಖ್ಯ. ಅಪ್ಪ ಊರು ಬಿಟ್ಟದ್ದು, ಹುಡುಗ ರಾತ್ರಿ ಹೋಟೆಲಿನಲ್ಲಿ ಲೋಟ ತೊಳೆಯುವುದು ಕ್ಲಾಸ್ ಟೀಚರ್‌ಗೆ ಗೊತ್ತಿರುತ್ತದೆ, ಎಎಸ್‌ಐಗೆ ಗೊತ್ತಿರುವುದಿಲ್ಲ. ಆಮೇಲೆ ಟಿಸಿಯ ನಡತೆ ಕಾಲಂನಲ್ಲಿ ಸೇಡು ತೀರಿಸಿಕೊಳ್ಳಬೇಡಿ. ಮುಗಿದ ಪ್ರಕರಣದ ವಿವರವನ್ನು ನಡತೆ ಪ್ರಮಾಣಪತ್ರಕ್ಕಾಗಿ ಬಯಲು ಮಾಡಬಾರದು ಎಂದು ಪೊಲೀಸರಿಗೇ 74ನೇ ಸೆಕ್ಷನ್ ಕಟ್ಟುಹಾಕಿದೆ.

ಗೇಟಿನ ಹೊರಗಿನ ಬೀಡಾ ಅಂಗಡಿ ಪೊಲೀಸರಿಂದ ಸುಲಭವಾಗಿ ಆಗಬಹುದಾದ ಕೆಲಸ, ಆದರೂ ಆಗುವುದಿಲ್ಲ. ಶಾಲೆಯಿಂದ 100 ಗಜ, ಅಂದರೆ 91 ಮೀಟರ್ ದೂರದೊಳಗೆ ತಂಬಾಕು ಮಾರುವಂತಿಲ್ಲ ಎಂಬುದು 2003ರ ಕೋಟ್ಪಾ ಕಾಯ್ದೆ. ಅಳೆಯಬೇಕಾದ್ದು ಗೇಟಿನಿಂದ ರಸ್ತೆಯ ಉದ್ದಕ್ಕಲ್ಲ, ಕಾಂಪೌಂಡಿನ ಹೊರ ಅಂಚಿನಿಂದ ನೇರವಾಗಿ. ಅಂಗಡಿಯವನ ವಾದ ಯಾವಾಗಲೂ ಗೇಟಿನ ಲೆಕ್ಕದ್ದೇ. ಕರ್ನಾಟಕದಲ್ಲಿ 2025ರಿಂದ ಖರೀದಿಯ ವಯಸ್ಸೂ 18ರಿಂದ 21ಕ್ಕೆ ಏರಿದೆ. ಶಾಲೆಯ ಹೊರಗೆ ಈ ನಿಷೇಧದ ಬೋರ್ಡ್ ಹಾಕುವುದು ಶಾಲೆಯ ಕರ್ತವ್ಯ, ಎಷ್ಟೋ ದೂರುಗಳು ಅಲ್ಲೇ ಮುಗ್ಗರಿಸುತ್ತವೆ. ಕೋಟ್ಪಾ ದಂಡ ಚಿಲ್ಲರೆ, ಅವನು ಕಟ್ಟಿ ಮಾರನೇ ದಿನ ಮತ್ತೆ ಪೊಟ್ಟಣ ನೇತುಹಾಕುತ್ತಾನೆ. ಮಗುವಿಗೇ ಗುಟ್ಕಾ, ಸಿಗರೇಟು ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್, 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಮಗುವಿಗೆ ಮಾರಿದ್ದು ಸಾಬೀತಾಗಬೇಕಲ್ಲ ಎಂದು ವಿದ್ಯಾರ್ಥಿಯ ಕೈಯಲ್ಲೇ ದುಡ್ಡು ಕೊಟ್ಟು ಕಳಿಸುವ ಉತ್ಸಾಹಿಗಳಿದ್ದಾರೆ. ದಯವಿಟ್ಟು ಬೇಡ, ಆ ಮಗು ನಾಳೆ ಅದೇ ಅಂಗಡಿಯ ಮುಂದೆ ನಡೆದು ಹೋಗಬೇಕು.

ಬಾಂಬ್ ಬೆದರಿಕೆ ಮೇಲ್ ಈಗ ವರ್ಷಕ್ಕೊಂದೆರಡು ಸಲ ಬರುವ ಹಬ್ಬದಂತಾಗಿದೆ. 2023ರ ಡಿಸೆಂಬರ್ 1ರಂದು ಬೆಂಗಳೂರು ಮತ್ತು ಸುತ್ತಮುತ್ತಲಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬೆಳಿಗ್ಗೆ ಬಂತು, ಎಲ್ಲವೂ ಹುಸಿ. ಅವತ್ತು ನಿಜವಾದ ತೊಂದರೆ ಆದದ್ದು ಗೇಟಿನಲ್ಲಿ, ಗಾಬರಿಯಾಗಿ ಓಡಿ ಬಂದ ಪೋಷಕರ ಗಾಡಿಗಳಿಂದ. ಆದ್ದರಿಂದ 112ಕ್ಕೆ ಕರೆ ಮಾಡಿದ ಮರುಕ್ಷಣ ಪೋಷಕರಿಗೆ ಹೋಗುವ ಸಂದೇಶದಲ್ಲಿ ಮಕ್ಕಳನ್ನು ಎಲ್ಲಿಂದ ಕರೆದುಕೊಂಡು ಹೋಗಬೇಕು ಎಂಬ ಜಾಗ ಇರಲಿ. ಅದು ಮುಖ್ಯ ಗೇಟ್ ಆಗಿರದೇ ಪಕ್ಕದ ಕಲ್ಯಾಣಮಂಟಪವೋ ಮೈದಾನವೋ ಆಗಿರಲಿ. ಆ ಮೇಲ್‌ಗೆ ಉತ್ತರಿಸಬೇಡಿ, ಅಳಿಸಬೇಡಿ. ಪ್ರಿಂಟ್ ತೆಗೆದರೆ ಸೈಬರ್ ಠಾಣೆಗೆ ಬೇಕಾದ ಹೆಡರ್ (ಮೇಲ್ ಎಲ್ಲಿಂದ ಬಂತು ಎಂಬ ವಿವರ) ಅದರಲ್ಲಿ ಬರುವುದಿಲ್ಲ. ಜಿಮೇಲ್ ಆದರೆ ಮೂರು ಚುಕ್ಕೆ ಒತ್ತಿ ‘ಶೋ ಒರಿಜಿನಲ್’ ತೆರೆದು ಆ ಫೈಲನ್ನೇ ಇಳಿಸಿಕೊಳ್ಳಿ. ಕೊಠಡಿ ಹುಡುಕುವಾಗ ಆಯಾ ಕ್ಲಾಸಿನ ಟೀಚರ್ ಹೊರಡುವ ಮುಂಚೆ ಒಮ್ಮೆ ಕಣ್ಣಾಡಿಸಲಿ, ಏನನ್ನೂ ಮುಟ್ಟದೇ. ಯಾವ ಡಬ್ಬ ನಿನ್ನೆ ಇರಲಿಲ್ಲ ಎಂಬುದು ಶ್ವಾನದಳಕ್ಕಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ಸಿಬ್ಬಂದಿಯ ಪೊಲೀಸ್ ಪರಿಶೀಲನೆ 2020ರ ಪೋಕ್ಸೋ ನಿಯಮಗಳ ಪ್ರಕಾರ ಕಡ್ಡಾಯ. ಕಾಯಂ, ಗುತ್ತಿಗೆ, ಬೋಧಕ, ಬೋಧಕೇತರ ಎಲ್ಲರಿಗೂ, ಅದೂ ಒಂದೇ ಸಲಕ್ಕೆ ಮುಗಿಸದೇ ಆಗಾಗ. ವ್ಯಾನ್ ಡ್ರೈವರ್ ಬದಲಿಗೆ ಅವನ ತಮ್ಮ ಬಂದ ದಿನ ಹಳೆಯ ಸರ್ಟಿಫಿಕೇಟಿಗೆ ಅರ್ಥವಿಲ್ಲ. ಪರಿಶೀಲನೆಯಲ್ಲಿ ಗೊತ್ತಾಗುವುದು ಹಿಂದೆ ಕೇಸ್ ಇತ್ತೇ ಎಂಬುದಷ್ಟೇ, ಎಂದೂ ಸಿಕ್ಕಿಬೀಳದವನು ಅದರಲ್ಲಿ ಪಾಸಾಗುತ್ತಾನೆ.

ಪೊಲೀಸರು ಪಾಠ ಮಾಡಲು ಬರುವ ವ್ಯವಸ್ಥೆಯೂ ಇದೆ. ಕೇರಳದಲ್ಲಿ 2010ರಲ್ಲಿ ಶುರುವಾದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ 2018ರಲ್ಲಿ ದೇಶಕ್ಕೆಲ್ಲ ಬಂತು. 8 ಮತ್ತು 9ನೇ ತರಗತಿ, ತಿಂಗಳಿಗೊಂದು ತರಗತಿ, ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ನಮ್ಮಲ್ಲಿ ಮಕ್ಕಳೇ ಠಾಣೆಗೆ ಹೋಗಿ ನೋಡುವ ‘ತೆರೆದ ಮನೆ’ ಇದೆ. ಎರಡೂ ಬೇಗ ಪರೇಡ್ ಮತ್ತು ಗ್ರೂಪ್ ಫೋಟೊಗೆ ಇಳಿದುಬಿಡುತ್ತವೆ. ಬರುವ ಅಧಿಕಾರಿಗೆ ಮೊದಲೇ ವಿಷಯ ಕೊಡಿ: 1098ಕ್ಕೆ ಕರೆ ಮಾಡಿದರೆ ಆ ಕಡೆಯಿಂದ ಏನು ಕೇಳುತ್ತಾರೆ, ಠಾಣೆಗೆ ಬಂದರೆ ಮೊದಲು ಯಾರ ಟೇಬಲ್ ಹತ್ತಿರ ಹೋಗಬೇಕು, ಅಪ್ಪನ ಮೇಲೆ ದೂರು ಹೇಳಬಹುದೇ. ರೈಫಲ್ ತೋರಿಸುವುದರಲ್ಲಿ ಅರ್ಧ ಗಂಟೆ ಹೋಗದಿರಲಿ. ಕಡೆಯ ಐದು ನಿಮಿಷ ಹೆಣ್ಣುಮಕ್ಕಳು ಮಹಿಳಾ ಪೇದೆಯ ಜೊತೆ ಬೇರೆಯಾಗಿ ಮಾತಾಡುವಂತಿದ್ದರೆ, ದೂರಿನ ಪೆಟ್ಟಿಗೆಗೆ ಬೀಳದ ಚೀಟಿಗಳು ಅಲ್ಲಿ ಬೀಳುತ್ತವೆ.

ಅಂದಹಾಗೆ, ಗೋಡೆಯ ಮೇಲೆ ಆ ಹೆಸರನ್ನು ಪೇಂಟ್‌ನಲ್ಲಿ ಬರೆಸಬೇಡಿ. ಪೊಲೀಸರಿಗೆ ವರ್ಗಾವಣೆ ಯಾವಾಗ ಬೇಕಾದರೂ ಆಗುತ್ತದೆ. ಒಂದು ಚೀಟಿಯಲ್ಲಿ ಬರೆದು, ಬರೆದ ತಾರೀಕು ಹಾಕಿ ಅಂಟಿಸಿ. ದಸರಾ ರಜೆ ಮುಗಿದು ಶಾಲೆ ತೆರೆದ ದಿನ ಆ ನಂಬರಿಗೆ ಒಮ್ಮೆ ಫೋನ್ ಮಾಡಿ ನೋಡಿ, ಎತ್ತುವವರು ಅವರೇನಾ ಅಂತ.